ಯಾವ ಜಿಲ್ಲೆ ಎಷ್ಟು ಶ್ರೀಮಂತ? ತಲಾ ಆದಾಯ, ಉತ್ಪನ್ನ ಹೋಲಿಸುವ ಕ್ರಮ

2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ 11.77 ಲಕ್ಷ, ಯಾದಗಿರಿಯದು 11.74 ಲಕ್ಷ. ತಲೆ ಎಣಿಸಿದರೆ ಎರಡೂ ಹೆಚ್ಚುಕಡಿಮೆ ಸಮ. ಸಾಕ್ಷರತೆ ಮಾತ್ರ ಉಡುಪಿಯಲ್ಲಿ ಶೇ 86ಕ್ಕೂ ಹೆಚ್ಚು, ಯಾದಗಿರಿಯಲ್ಲಿ ಶೇ 52ಕ್ಕೂ ಕಡಿಮೆ. ಒಂದೇ ರಾಜ್ಯ, ಒಂದೇ ಸರ್ಕಾರ, ಒಂದೇ ಬಜೆಟ್. ಆದರೂ ಇಷ್ಟು ಅಂತರ. ಪ್ರತಿವರ್ಷ ಬಜೆಟ್ ಹೊತ್ತಿಗೆ ರಾಜ್ಯದ ಆರ್ಥಿಕ ಸಮೀಕ್ಷೆ ಹೊರಬಂದಾಗ ಪತ್ರಿಕೆಗಳಲ್ಲಿ ಜಿಲ್ಲಾವಾರು ತಲಾ ಆದಾಯದ ಪಟ್ಟಿ ಬರುತ್ತದೆ. ಬೆಂಗಳೂರು ನಗರ ಮೇಲೆ, ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಕೆಳಗೆ. ಜನ ಓದಿ ಪುಟ ತಿರುಗಿಸುತ್ತಾರೆ. ಆ ಪಟ್ಟಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ತಿಳಿದು ಓದಿದರೆ ನಮ್ಮ ಊರಿನ ಪಾಲು ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ಬೇರೆ ಇಲ್ಲ. ವಿದ್ಯಾರ್ಥಿಗಳು, ಪತ್ರಕರ್ತರು, ಪಂಚಾಯಿತಿ ಸದಸ್ಯರು, ಸಂಘಟನೆಗಳಲ್ಲಿ ದುಡಿಯುವವರು ತಾವೇ ಕೂತು ಲೆಕ್ಕ ಹಾಕಲಿ ಎಂದು ಈ ಕ್ರಮವನ್ನು ಬರೆದಿದ್ದೇನೆ. ಒಂದು ಎಕ್ಸೆಲ್ ಶೀಟ್ ಸಾಕು. ಕಾಗದ, ಕ್ಯಾಲ್ಕುಲೇಟರ್ ಇದ್ದರೂ ಆದೀತು.

ಮೊದಲು ಪ್ರಶ್ನೆ ಬರೆದುಕೊಳ್ಳಿ

"ಶ್ರೀಮಂತ ಜಿಲ್ಲೆ" ಎಂಬ ಮಾತಿನೊಳಗೆ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ಆ ಜಿಲ್ಲೆಯ ಗಡಿಯೊಳಗೆ ಎಷ್ಟು ಮೌಲ್ಯದ ಸರಕು, ಸೇವೆ ಹುಟ್ಟುತ್ತದೆ? ಅಲ್ಲಿ ವಾಸಿಸುವ ಜನರ ಕೈಗೆ ಎಷ್ಟು ಹಣ ಬರುತ್ತದೆ? ಆ ಹಣದಲ್ಲಿ ಅವರ ಬದುಕು ಹೇಗಿದೆ? ಮೊದಲನೆಯದಕ್ಕೆ ಉತ್ತರ ಜಿಲ್ಲಾ ಆಂತರಿಕ ಉತ್ಪನ್ನ. ಎರಡನೆಯದಕ್ಕೆ ಜಿಲ್ಲಾ ಮಟ್ಟದಲ್ಲಿ ನೇರ ಅಂಕಿ ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು. ಮೂರನೆಯದಕ್ಕೆ ಸಾಕ್ಷರತೆ, ಬಡತನ, ಮನೆಯ ಖರ್ಚು ಇತ್ಯಾದಿ ಬೇರೆ ಅಂಕಿಗಳು ಬೇಕು. ಗೊಂದಲ ಹುಟ್ಟುವುದು ಇಲ್ಲೇ. ನಾವು ದಿನವೂ ಕೇಳುವ "ತಲಾ ಆದಾಯ" ನಿಜಕ್ಕೂ ಮೊದಲ ಪ್ರಶ್ನೆಯ ಉತ್ತರವನ್ನು ಜನಸಂಖ್ಯೆಯಿಂದ ಭಾಗಿಸಿದ್ದು. ಹೆಸರಿನಲ್ಲಿ ಆದಾಯ ಇದ್ದರೂ ಅದು ಅಳೆಯುವುದು ಉತ್ಪನ್ನವನ್ನು. ನಿಮ್ಮ ಶೀಟಿನ ಮೇಲ್ಗಡೆ ಈ ಮೂರು ಪ್ರಶ್ನೆಗಳನ್ನು ಬರೆದು, ಸಿಕ್ಕ ಪ್ರತಿ ಅಂಕಿಯನ್ನೂ ಇವುಗಳಲ್ಲಿ ಒಂದರ ಕೆಳಗೆ ಹಾಕಿ.

ಅಂಕಿ ಎಲ್ಲಿಂದ ತರುವುದು

ಕರ್ನಾಟಕದ ಮಟ್ಟಿಗೆ ಮೂಲ ಎಂದರೆ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ. ರಾಜ್ಯದ ಮತ್ತು ಜಿಲ್ಲೆಗಳ ಉತ್ಪನ್ನದ ಅಂದಾಜು ತಯಾರಿಸುವುದು ಅದೇ. ಯೋಜನಾ ಇಲಾಖೆಯ ಆರ್ಥಿಕ ಸಮೀಕ್ಷೆಯಲ್ಲಿ ಜಿಲ್ಲಾವಾರು ಕೋಷ್ಟಕ ಇರುತ್ತದೆ. ಸಮೀಕ್ಷೆ ಕನ್ನಡದಲ್ಲೂ ಬರುತ್ತದೆ. ಜಿಲ್ಲೆಯ ಅಂಕಿ ರಾಜ್ಯದ ಅಂಕಿಗಿಂತ ಒಂದು ವರ್ಷವಾದರೂ ಹಿಂದಿರುತ್ತದೆ. ರಾಜ್ಯ ರಾಜ್ಯಗಳನ್ನು ಹೋಲಿಸಬೇಕಿದ್ದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ರಾಜ್ಯಗಳ ಅಂಕಿಅಂಶ ಕೈಪಿಡಿ ಅನುಕೂಲ. ಅದರಲ್ಲಿ ಎಲ್ಲ ರಾಜ್ಯಗಳೂ ಒಂದೇ ಕೋಷ್ಟಕದಲ್ಲಿ, ವರ್ಷದಿಂದ ವರ್ಷಕ್ಕೆ ಸಿಗುತ್ತವೆ.

ಪತ್ರಿಕೆಯ ತಲೆಬರಹದಿಂದ ಅಂಕಿ ಎತ್ತಿಕೊಳ್ಳಬೇಡಿ. ಮುಂಗಡ ಅಂದಾಜು, ತಾತ್ಕಾಲಿಕ ಅಂದಾಜು, ಪರಿಷ್ಕೃತ ಅಂದಾಜು ಎಂದು ಒಂದೇ ವರ್ಷದ ಅಂಕಿ ಹಲವು ಬಾರಿ ಬದಲಾಗುತ್ತದೆ. ಯಾವ ವರ್ಷದ ಸಮೀಕ್ಷೆಯ ಯಾವ ಕೋಷ್ಟಕ ಎಂಬುದನ್ನು ಅಂಕಿಯ ಪಕ್ಕದಲ್ಲೇ ಬರೆದಿಡಿ. ಆರು ತಿಂಗಳ ನಂತರ ಯಾರಾದರೂ ಪ್ರಶ್ನಿಸಿದಾಗ ಈ ಒಂದು ಸಾಲು ನಿಮ್ಮನ್ನು ಕಾಯುತ್ತದೆ.

ಒಂದೇ ಅಳತೆಗೆ ತನ್ನಿ

ಹೋಲಿಸುವ ಎರಡು ಅಂಕಿಗಳು ನಾಲ್ಕು ವಿಷಯಗಳಲ್ಲಿ ಒಂದೇ ಆಗಿರಬೇಕು: ವರ್ಷ, ಒಟ್ಟು ಅಥವಾ ನಿವ್ವಳ, ಚಾಲ್ತಿ ಬೆಲೆ ಅಥವಾ ಸ್ಥಿರ ಬೆಲೆ, ಮೂಲ ವರ್ಷ. ಆಯಾ ವರ್ಷದ ಬೆಲೆಯಲ್ಲೇ ಲೆಕ್ಕ ಹಾಕಿದ್ದು ಚಾಲ್ತಿ ಬೆಲೆ. ಆಯ್ದ ಒಂದು ವರ್ಷದ ಬೆಲೆಯಲ್ಲಿ ಎಲ್ಲ ವರ್ಷಗಳನ್ನೂ ಲೆಕ್ಕ ಹಾಕಿದ್ದು ಸ್ಥಿರ ಬೆಲೆ, ಆ ಆಯ್ದ ವರ್ಷವೇ ಮೂಲ ವರ್ಷ. ಒಟ್ಟು ಉತ್ಪನ್ನದಿಂದ ಯಂತ್ರ, ಕಟ್ಟಡಗಳ ಸವಕಳಿ ಕಳೆದರೆ ನಿವ್ವಳ ಉತ್ಪನ್ನ. ತಲಾ ಆದಾಯಕ್ಕೆ ಸಾಮಾನ್ಯವಾಗಿ ನಿವ್ವಳವನ್ನೇ ಬಳಸುತ್ತಾರೆ. ಒಂದೇ ವರ್ಷದಲ್ಲಿ ಎರಡು ಜಿಲ್ಲೆ ಹೋಲಿಸಲು ಚಾಲ್ತಿ ಬೆಲೆ ಸಾಕು. ಹತ್ತು ವರ್ಷದಲ್ಲಿ ಒಂದು ಜಿಲ್ಲೆ ಎಷ್ಟು ಬೆಳೆಯಿತು ಎಂದು ನೋಡಲು ಸ್ಥಿರ ಬೆಲೆಯೇ ಬೇಕು, ಇಲ್ಲದಿದ್ದರೆ ಬೆಲೆ ಏರಿಕೆಯೂ ಬೆಳವಣಿಗೆಯಂತೆ ಕಾಣುತ್ತದೆ. 2004-05 ಮೂಲ ವರ್ಷದ ಸರಣಿಯನ್ನು 2011-12ರ ಸರಣಿಗೆ ನೇರವಾಗಿ ಜೋಡಿಸಬೇಡಿ. ಲೆಕ್ಕದ ವಿಧಾನವೇ ಬದಲಾಗಿದೆ.

ಜಿಲ್ಲೆಯ ಗಡಿಯನ್ನೂ ನೋಡಬೇಕು. 1997ರಲ್ಲಿ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ದಾವಣಗೆರೆ, ಚಾಮರಾಜನಗರ ಹೊಸ ಜಿಲ್ಲೆಗಳಾದವು. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ. 2009ರ ಕೊನೆಯಲ್ಲಿ ಕಲಬುರಗಿಯಿಂದ ಯಾದಗಿರಿ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ. ಹಳೆಯ ಕಲಬುರಗಿಯ ಅಂಕಿಗೆ ಇಂದಿನ ಕಲಬುರಗಿಯ ಅಂಕಿಯನ್ನು ಹೋಲಿಸುವವರು ಯಾದಗಿರಿಯನ್ನು ಮತ್ತೆ ಕೂಡಿಸಿ ಲೆಕ್ಕ ಹಾಕಬೇಕು. ರಾಮನಗರಕ್ಕೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಾಗಿದೆ. ಹಳೆಯ ಮತ್ತು ಹೊಸ ಕೋಷ್ಟಕಗಳನ್ನು ಜೊತೆಗಿಟ್ಟು ಓದುವಾಗ ನೆನಪಿರಲಿ.

ಜನಸಂಖ್ಯೆಯ ಮಾತೂ ಇದೆ. 2011ರ ನಂತರದ ತಲಾ ಲೆಕ್ಕವೆಲ್ಲ ಆ ಜನಗಣತಿಯ ಮೇಲೆ ಕಟ್ಟಿದ ಅಂದಾಜು ಜನಸಂಖ್ಯೆಯಿಂದ ಭಾಗಿಸಿದ್ದು. ಬೆಂಗಳೂರಿಗೆ ಬಂದು ನೆಲೆಸಿದವರು ಆ ಅಂದಾಜಿಗಿಂತ ಹೆಚ್ಚಿದ್ದರೆ ಬೆಂಗಳೂರಿನ ತಲಾ ಆದಾಯ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಜನ ಬಿಟ್ಟು ಹೋದ ಜಿಲ್ಲೆಯದು ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಪಾಲಿಗೆ ಪಾಲು ಹಾಕಿ ನೋಡಿ

ನನ್ನ ಅನುಭವದಲ್ಲಿ ಅತ್ಯಂತ ಉಪಯೋಗಕ್ಕೆ ಬರುವ ಲೆಕ್ಕ ಇದು. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಜಿಲ್ಲೆಯ ಪಾಲು ಶೇಕಡಾ ಎಷ್ಟು, ರಾಜ್ಯದ ಜನಸಂಖ್ಯೆಯಲ್ಲಿ ಅದರ ಪಾಲು ಶೇಕಡಾ ಎಷ್ಟು ಎಂದು ನೋಡಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಉತ್ತರ 1 ಬಂದರೆ ಆ ಜಿಲ್ಲೆ ಸರಿಯಾಗಿ ರಾಜ್ಯದ ಸರಾಸರಿಯಲ್ಲಿದೆ. ಅದಕ್ಕಿಂತ ಹೆಚ್ಚಾದರೆ ಮೇಲೆ, ಕಡಿಮೆಯಾದರೆ ಕೆಳಗೆ.

ಬೆಂಗಳೂರು ನಗರ ಜಿಲ್ಲೆಯನ್ನೇ ತೆಗೆದುಕೊಳ್ಳಿ. 2011ರಲ್ಲಿ ಅಲ್ಲಿನ ಜನ 96.2 ಲಕ್ಷ, ರಾಜ್ಯದ ಜನ 6.11 ಕೋಟಿ. ಅಂದರೆ ಶೇ 15.7. ರಾಜ್ಯದ ಉತ್ಪನ್ನದಲ್ಲಿ ಅದರ ಪಾಲು ಮೂರನೇ ಒಂದಕ್ಕಿಂತ ಹೆಚ್ಚು. ಲೆಕ್ಕಕ್ಕೆ ಶೇ 36 ಎಂದಿಟ್ಟುಕೊಳ್ಳೋಣ. 36ನ್ನು 15.7ರಿಂದ ಭಾಗಿಸಿದರೆ ಸುಮಾರು 2.3. ಬೆಂಗಳೂರಿನ ಒಬ್ಬರ ತಲೆಗೆ ರಾಜ್ಯದ ಸರಾಸರಿಯ ಎರಡು ಪಟ್ಟಿಗೂ ಹೆಚ್ಚು ಉತ್ಪನ್ನ.

ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಬೆಂಗಳೂರನ್ನು ತೆಗೆದರೆ ಉಳಿಯುವುದು ಶೇ 64 ಉತ್ಪನ್ನ, ಶೇ 84.3 ಜನ. ಭಾಗಿಸಿದರೆ 0.76. ರಾಜ್ಯದ ಸರಾಸರಿ 100 ರೂಪಾಯಿ ಎಂದರೆ ಬೆಂಗಳೂರಿನಾಚೆಯ ಕರ್ನಾಟಕದ ಸರಾಸರಿ 76 ರೂಪಾಯಿ. ಆ 76ರಲ್ಲಿ ಮತ್ತೆ ದಕ್ಷಿಣ ಕನ್ನಡ, ಉಡುಪಿಯಂಥ ಜಿಲ್ಲೆಗಳು ಮೇಲಿವೆ, ಕಲಬುರಗಿಯಂಥವು ಕೆಳಗಿವೆ. 2021-22ರ ಜಿಲ್ಲಾವಾರು ಪಟ್ಟಿಯಲ್ಲಿ ಬೆಂಗಳೂರು ನಗರದ ತಲಾ ಆದಾಯ ಸುಮಾರು 6.2 ಲಕ್ಷ ರೂ. ಇದ್ದರೆ ಕೊನೆಯಲ್ಲಿದ್ದ ಕಲಬುರಗಿಯದು ಸುಮಾರು 1.25 ಲಕ್ಷ ರೂ. ಐದು ಪಟ್ಟು ವ್ಯತ್ಯಾಸ.

ಈ ಲೆಕ್ಕ ದೆಹಲಿಯವರೆಗೂ ಹೋಗುತ್ತದೆ. 15ನೇ ಹಣಕಾಸು ಆಯೋಗ ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವಾಗ ಶೇ 45ರಷ್ಟು ತೂಕ ಕೊಟ್ಟಿದ್ದು ಆದಾಯದ ಅಂತರಕ್ಕೆ, ಅಂದರೆ ರಾಜ್ಯದ ತಲಾ ಉತ್ಪನ್ನ ಪಟ್ಟಿಯ ಮೇಲ್ತುದಿಯ ರಾಜ್ಯಕ್ಕಿಂತ ಎಷ್ಟು ಹಿಂದಿದೆ ಎಂಬುದಕ್ಕೆ. ಕರ್ನಾಟಕದ ಪಾಲು 14ನೇ ಆಯೋಗದ ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ಇಳಿಕೆಗೆ ಬೇರೆ ಮಾನದಂಡಗಳ ಪಾಲೂ ಇದೆ. ಆದರೆ ಬೆಂಗಳೂರಿನಿಂದ ಏರಿದ ಸರಾಸರಿ ಇಡೀ ರಾಜ್ಯವನ್ನು ಶ್ರೀಮಂತ ಎಂದು ತೋರಿಸಿತು, ಆ ಸರಾಸರಿಯೊಳಗೆ ಯಾದಗಿರಿಯೂ ಇತ್ತು. ಬಡ ರಾಜ್ಯಗಳಿಗೆ ಹೆಚ್ಚು ಕೊಡಬೇಕು ಎಂಬ ತತ್ವ ಸರಿಯಾದದ್ದೇ. ರಾಜ್ಯದ ಗಡಿಯ ಹತ್ತಿರವೇ ನಿಂತುಬಿಡುವ ಅಳತೆ ಯಾದಗಿರಿಯ ಬಡವರನ್ನು ಕಾಣುವುದಿಲ್ಲ, ಅಷ್ಟೇ ನನ್ನ ತಕರಾರು.

ಹುಟ್ಟಿದ ಹಣ ಎಲ್ಲಿಗೆ ಹೋಯಿತು

ಇಲ್ಲಿ ನಿಧಾನವಾಗಿ ನಡೆಯಬೇಕು. ಉತ್ಪನ್ನ ಲೆಕ್ಕಕ್ಕೆ ಬರುವುದು ಅದು ಹುಟ್ಟಿದ ಜಾಗದಲ್ಲಿ. ಅದರಿಂದ ಬಂದ ಸಂಬಳ, ಲಾಭ, ಬಡ್ಡಿ ಎಲ್ಲಿಗೆ ಹೋಗುತ್ತವೆ ಎಂಬುದು ಬೇರೆ ಕಥೆ.

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ದೇಶದ ಅತಿ ದೊಡ್ಡ ಉಕ್ಕು ಕಾರ್ಖಾನೆಗಳಲ್ಲೊಂದು ಇದೆ. ಅಲ್ಲಿ ತಯಾರಾಗುವ ಉಕ್ಕಿನ ಮೌಲ್ಯವರ್ಧನೆ, ಅಂದರೆ ಉಕ್ಕಿನ ಬೆಲೆಯಲ್ಲಿ ಕೊಂಡ ಕಚ್ಚಾವಸ್ತು ಇತ್ಯಾದಿಯ ಬೆಲೆ ಕಳೆದು ಉಳಿದದ್ದು, ಬಳ್ಳಾರಿಯ ಲೆಕ್ಕಕ್ಕೆ ಸೇರುತ್ತದೆ. ಲಾಭ ಹೋಗುವುದು ದೇಶವಿದೇಶದ ಷೇರುದಾರರಿಗೆ. ಸಂಡೂರು ಸುತ್ತಲಿನ ಅದಿರು ಗಣಿಗಳದೂ ಇದೇ ಲೆಕ್ಕ. ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ ಆ ಜಿಲ್ಲೆಯ ಉತ್ಪನ್ನವನ್ನು ಎತ್ತುತ್ತವೆ. ಅದೇ ಜಿಲ್ಲೆಯ ದೇವದುರ್ಗದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳ ಕೂಲಿ ಅದರಿಂದ ಏರುವುದಿಲ್ಲ. ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆಯೂ ಹಾಗೆಯೇ: ಭಾರೀ ಬಂಡವಾಳ, ಅದಕ್ಕೆ ಹೋಲಿಸಿದರೆ ಕೆಲವೇ ಕೆಲಸಗಾರರು. ಇಂಥ ಒಂದೇ ಘಟಕ ಇಡೀ ಜಿಲ್ಲೆಯ ತಲಾ ಅಂಕಿಯನ್ನು ಮೇಲಕ್ಕೆ ತಳ್ಳಬಲ್ಲದು.

ಇದರ ತಿರುವು ಉಡುಪಿಯಲ್ಲಿ ಕಾಣುತ್ತದೆ. ಕೊಲ್ಲಿ ದೇಶಗಳಲ್ಲಿ, ಮುಂಬೈಯಲ್ಲಿ ದುಡಿಯುವವರು ಊರಿಗೆ ಕಳಿಸುವ ಹಣ ಜಿಲ್ಲೆಯ ಉತ್ಪನ್ನದಲ್ಲಿ ಸೇರುವುದಿಲ್ಲ, ಏಕೆಂದರೆ ಅದು ಅಲ್ಲಿ ಹುಟ್ಟಿದ್ದಲ್ಲ. ಆದರೆ ಮನೆ ಕಟ್ಟುವುದು, ಮಗಳನ್ನು ಓದಿಸುವುದು, ಬ್ಯಾಂಕಿನಲ್ಲಿ ಠೇವಣಿ ಇಡುವುದು ಆ ಹಣದಿಂದ. ಇದನ್ನು ಹಿಡಿಯಲು ಒಂದು ಉಪಾಯ ಇದೆ: ಜಿಲ್ಲೆಯ ಬ್ಯಾಂಕ್ ಠೇವಣಿ ಮತ್ತು ಸಾಲದ ಅನುಪಾತ ನೋಡಿ. ರಿಸರ್ವ್ ಬ್ಯಾಂಕ್ ಮೂರು ತಿಂಗಳಿಗೊಮ್ಮೆ ಜಿಲ್ಲಾವಾರು ಅಂಕಿ ಕೊಡುತ್ತದೆ. ಉತ್ಪನ್ನಕ್ಕೆ ಹೋಲಿಸಿದರೆ ಠೇವಣಿ ಬಹಳ ಹೆಚ್ಚಿದ್ದು ಸಾಲ ಕಡಿಮೆ ಇದ್ದರೆ, ಹೊರಗಿನಿಂದ ಹಣ ಬರುತ್ತಿದೆ, ಬಂದ ಹಣ ಸ್ಥಳೀಯ ಉದ್ದಿಮೆಗೆ ಹೋಗುತ್ತಿಲ್ಲ ಎಂಬ ಸೂಚನೆ ಅದು.

ಮೂರನೆಯದು ಗುಳೆ. ಯಾದಗಿರಿ, ರಾಯಚೂರು, ಕಲಬುರಗಿಯ ತಾಂಡಾಗಳಿಂದ, ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈ, ಗೋವಾಕ್ಕೆ ಹೋಗುತ್ತವೆ. ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟಿನಲ್ಲಿ ಹತ್ತನೇ ಮಹಡಿಗೆ ಕಾಂಕ್ರೀಟ್ ಹೊತ್ತವರು ಶಹಾಪುರದವರಾಗಿರಬಹುದು, ಸುರಪುರದವರಾಗಿರಬಹುದು. ಆ ಕಟ್ಟಡದ ಮೌಲ್ಯ ಬೆಂಗಳೂರಿನ ಉತ್ಪನ್ನ. ಅವರ ಪಡಿತರ ಚೀಟಿ, ಮತದಾರರ ಗುರುತು ಊರಿನಲ್ಲಿ. ಬಹಳ ಸಲ ಜನಸಂಖ್ಯೆಯ ಲೆಕ್ಕದಲ್ಲೂ ಅವರು ಊರಿನವರೇ. ಭಾಗಿಸುವಾಗ ಮೇಲಿನ ಸಂಖ್ಯೆ ಬೆಂಗಳೂರಿನಲ್ಲಿ ಬೆಳೆಯುತ್ತದೆ, ಕೆಳಗಿನ ಸಂಖ್ಯೆ ಯಾದಗಿರಿಯಲ್ಲಿ ಉಳಿಯುತ್ತದೆ. ಎರಡು ಜಿಲ್ಲೆಗಳ ಅಂತರ ಎರಡೂ ಕಡೆಯಿಂದ ಹಿಗ್ಗುತ್ತದೆ. ಇದಕ್ಕೆ ತಿದ್ದುಪಡಿಯ ಸೂತ್ರ ಯಾವುದೂ ಇಲ್ಲ. ಆದರೆ ನೀವು ಬರೆಯುವ ಟಿಪ್ಪಣಿಯಲ್ಲಿ ಈ ಮಾತು ಇರಲೇಬೇಕು. ಬೆಂಗಳೂರಿನ ಸಂಪತ್ತಿನಲ್ಲಿ ಕಲ್ಯಾಣ ಕರ್ನಾಟಕದ ಬೆವರು ಎಷ್ಟಿದೆ ಎಂಬುದು ಯಾವ ಕೋಷ್ಟಕದಲ್ಲೂ ಬರುವುದಿಲ್ಲ.

ಸರ್ಕಾರ ನೇರವಾಗಿ ಕೊಡುವ ಹಣವೂ ಉತ್ಪನ್ನದಲ್ಲಿ ಸೇರುವುದಿಲ್ಲ. ಗೃಹಲಕ್ಷ್ಮಿಯ ತಿಂಗಳ 2,000 ರೂ. ಮನೆಯ ಆದಾಯ ಹೆಚ್ಚಿಸುತ್ತದೆ. ಅದನ್ನು ಖರ್ಚು ಮಾಡಿ, ಆ ಬೇಡಿಕೆಯಿಂದ ಊರಿನಲ್ಲೇ ಏನಾದರೂ ಹುಟ್ಟಿದಾಗ ಮಾತ್ರ ಜಿಲ್ಲೆಯ ಉತ್ಪನ್ನ ಏರುತ್ತದೆ.

ಜಿಲ್ಲೆಯ ಅಂಕಿ ಹೇಗೆ ತಯಾರಾಗುತ್ತದೆ ಎಂಬುದನ್ನು ನೆನಪಿಡಿ

ಬೆಳೆ, ಗಣಿ ಮುಂತಾದವಕ್ಕೆ ಜಿಲ್ಲೆಯದೇ ಉತ್ಪಾದನೆಯ ಮಾಹಿತಿ ಇರುತ್ತದೆ. ಸೇವಾ ವಲಯದ ಹಲವು ಬಾಬ್ತುಗಳಿಗೆ ಹಾಗಿಲ್ಲ. ರಾಜ್ಯದ ಮೊತ್ತವನ್ನು ಕೆಲಸಗಾರರ ಸಂಖ್ಯೆಯಂಥ ಸೂಚಕಗಳ ಪ್ರಕಾರ ಜಿಲ್ಲೆಗಳಿಗೆ ಹಂಚುತ್ತಾರೆ. ಹಾಗಾಗಿ ಎರಡು ಜಿಲ್ಲೆಗಳ ನಡುವೆ ಐದು ಹತ್ತು ಸಾವಿರ ರೂಪಾಯಿ ವ್ಯತ್ಯಾಸ ಇದ್ದರೆ ಅದರ ಮೇಲೆ ವಾದ ಕಟ್ಟಬೇಡಿ. ಎರಡು ಪಟ್ಟು, ಮೂರು ಪಟ್ಟಿನ ವ್ಯತ್ಯಾಸ ನಂಬಬಹುದು. ಪಟ್ಟಿಯಲ್ಲಿ 14ನೇ ಸ್ಥಾನದಿಂದ 12ಕ್ಕೆ ಏರಿದೆವು ಎಂಬ ಹೆಮ್ಮೆಗೆ ಅರ್ಥ ಕಡಿಮೆ.

ಮಳೆಯನ್ನು ನಂಬಿದ ಜಿಲ್ಲೆಗಳಿಗೆ ಮೂರು ವರ್ಷದ ಸರಾಸರಿ ತೆಗೆಯಿರಿ. ಕಲಬುರಗಿಯಲ್ಲಿ ತೊಗರಿ ಕೈಕೊಟ್ಟ ವರ್ಷವನ್ನೂ ಬಂಪರ್ ಬಂದ ವರ್ಷವನ್ನೂ ಹೋಲಿಸಿ ಅಭಿವೃದ್ಧಿಯ ಮಾತಾಡಿದರೆ ಅದು ಮಳೆಯ ಮಾತಾಗುತ್ತದೆ.

ಬೆಲೆಯ ವ್ಯತ್ಯಾಸ

ಬೆಂಗಳೂರಿನಲ್ಲಿ ಎರಡು ಕೋಣೆಯ ಮನೆಗೆ ಕೊಡುವ ಬಾಡಿಗೆಯಲ್ಲಿ ಯಾದಗಿರಿಯಲ್ಲಿ ಒಂದು ಸಂಸಾರ ತಿಂಗಳು ಸಾಗಿಸಬಹುದು. ತಲಾ ಅಂಕಿಯ ಐದು ಪಟ್ಟು ಅಂತರ ಬದುಕಿನಲ್ಲಿ ಐದು ಪಟ್ಟು ಆಗಿರುವುದಿಲ್ಲ. ಇದನ್ನು ಸರಿಪಡಿಸಲು ಗ್ರಾಹಕ ಬೆಲೆ ಸೂಚ್ಯಂಕ ಬಳಸುವವರಿದ್ದಾರೆ. ಅದು ಸರಿಯಲ್ಲ. ಸೂಚ್ಯಂಕ ಹೇಳುವುದು ಒಂದೇ ಜಾಗದಲ್ಲಿ ಬೆಲೆ ಕಾಲಕಾಲಕ್ಕೆ ಎಷ್ಟು ಏರಿತು ಎಂದು. ಎರಡು ಜಾಗಗಳ ಸೂಚ್ಯಂಕ 180 ಎಂದಿದ್ದರೆ ಎರಡೂ ಕಡೆ ಬೆಲೆ ಸಮ ಎಂದಲ್ಲ. ಮೂಲ ವರ್ಷದಿಂದ ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಏರಿದೆ ಎಂದಷ್ಟೇ. ಬೇಕಿದ್ದರೆ ನೀವೇ ಒಂದು ಸಣ್ಣ ಪಟ್ಟಿ ಮಾಡಿ: ಬಾಡಿಗೆ, ಅಕ್ಕಿ ಅಥವಾ ಜೋಳ, ಹಾಲು, ಬಸ್ ಚಾರ್ಜು, ಕ್ಷೌರ, ಡಾಕ್ಟರ ಫೀಸು. ಎರಡೂ ಊರಿನಲ್ಲಿ ಒಂದೇ ವಾರ ಬೆಲೆ ಕೇಳಿ ಬರೆಯಿರಿ. ಅಕ್ಕಿ, ಎಣ್ಣೆ, ಸಿಲಿಂಡರಿನಲ್ಲಿ ವ್ಯತ್ಯಾಸ ಕಡಿಮೆ ಇದ್ದು ಬಾಡಿಗೆ, ಕೂಲಿ ಸೇವೆಗಳಲ್ಲಿ ದೊಡ್ಡ ಅಂತರ ಕಾಣುತ್ತದೆ.

ಅಂತರ ಕುಗ್ಗುತ್ತಿದೆಯೇ?

ಹಿಂದುಳಿದ ಜಿಲ್ಲೆ ಶೇ 10 ಬೆಳೆಯಿತು, ಮುಂದಿರುವುದು ಶೇ 8 ಮಾತ್ರ, ಹಾಗಾದರೆ ಅಂತರ ಕಡಿಮೆಯಾಯಿತು ಎಂಬ ವಾದವನ್ನು ಸಭೆಗಳಲ್ಲಿ ಕೇಳುತ್ತೀರಿ. ಲೆಕ್ಕ ಹಾಕಿ ನೋಡಿ. 1.25 ಲಕ್ಷಕ್ಕೆ ಶೇ 10 ಕೂಡಿಸಿದರೆ 1,37,500. 6.2 ಲಕ್ಷಕ್ಕೆ ಶೇ 8 ಕೂಡಿಸಿದರೆ 6,69,600. ಮೊದಲು 4,95,000 ರೂ. ಇದ್ದ ಅಂತರ ಈಗ 5,32,100 ರೂ. ಪಟ್ಟಿನ ಲೆಕ್ಕದಲ್ಲಿ ಮಾತ್ರ 4.96ರಿಂದ 4.87ಕ್ಕೆ ಇಳಿದಿದೆ. ಎರಡೂ ಸತ್ಯ, ಎರಡನ್ನೂ ಬರೆಯಬೇಕು. ಇದೇ ದರದಲ್ಲಿ ಸಾಗಿದರೆ ಹಿಂದಿನ ಜಿಲ್ಲೆ ಮುಂದಿನದನ್ನು ಮುಟ್ಟಲು ಸುಮಾರು 87 ವರ್ಷ ಬೇಕು. ಶೇ 12ಕ್ಕೆ ಏರಿದರೂ 44 ವರ್ಷ. ಯಾದಗಿರಿಯಲ್ಲಿ ಇಂದು ಹುಟ್ಟಿದ ಮಗುವಿಗೆ ಈ ಎರಡು ಸಂಖ್ಯೆಗಳ ಅರ್ಥ ಏನು ಎಂದು ಯೋಜನೆ ಮಾಡುವವರು ಯೋಚಿಸಬೇಕು.

ಬದುಕಿನ ಅಂಕಿಗಳನ್ನು ಜೊತೆಗಿಡಿ

ತಲಾ ಆದಾಯ ಮನೆಗೆ ಬರುವ ಹಣಕ್ಕಿಂತ ಎಷ್ಟು ದೂರ ಎಂದು ನೋಡಲು ದೇಶದ ಅಂಕಿಯೇ ಸಾಕು. 2023-24ರಲ್ಲಿ ದೇಶದ ತಲಾ ಆದಾಯ ತಾತ್ಕಾಲಿಕ ಅಂದಾಜಿನಂತೆ ಸುಮಾರು 1.84 ಲಕ್ಷ ರೂ. ಅದೇ ವರ್ಷದ ಗೃಹಬಳಕೆ ವೆಚ್ಚ ಸಮೀಕ್ಷೆಯಲ್ಲಿ ಒಬ್ಬರ ತಿಂಗಳ ಖರ್ಚು ಹಳ್ಳಿಯಲ್ಲಿ 4,122 ರೂ., ಪಟ್ಟಣದಲ್ಲಿ 6,996 ರೂ. ವರ್ಷಕ್ಕೆ 50 ಸಾವಿರದೊಳಗೆ ಮತ್ತು 84 ಸಾವಿರದೊಳಗೆ. ಉಳಿದದ್ದು ತೆರಿಗೆ, ಕಂಪನಿಗಳ ಲಾಭ, ಉಳಿತಾಯ ಮತ್ತು ಸಮೀಕ್ಷೆಗೆ ಸಿಗದ ಶ್ರೀಮಂತರ ಖರ್ಚು.

ಬಡತನಕ್ಕೆ ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕ ನೋಡಿ. ಪೋಷಣೆ, ಶಾಲೆ, ಶೌಚಾಲಯ, ಅಡುಗೆ ಇಂಧನ, ವಿದ್ಯುತ್ ಮೊದಲಾದವನ್ನು ಮನೆಮನೆಯ ಸಮೀಕ್ಷೆಯಿಂದ ಲೆಕ್ಕ ಹಾಕುತ್ತದೆ, ಜಿಲ್ಲಾವಾರು ಸಿಗುತ್ತದೆ. ಕರ್ನಾಟಕದಲ್ಲಿ ಇಂಥ ಬಡವರ ಪ್ರಮಾಣ 2015-16ರ ಶೇ 12.77ರಿಂದ 2019-21ಕ್ಕೆ ಶೇ 7.58ಕ್ಕೆ ಇಳಿದಿದೆ. ಆದರೆ 2015-16ರಲ್ಲಿ ಯಾದಗಿರಿಯಲ್ಲಿ ಹತ್ತರಲ್ಲಿ ನಾಲ್ವರು ಈ ಸಾಲಿನಲ್ಲಿದ್ದರು.

ತಾಲ್ಲೂಕಿಗೆ ಇಳಿದರೆ ಉತ್ಪನ್ನದ ಅಂಕಿ ಕೈಗೆ ಸಿಗುವುದಿಲ್ಲ. ಪ್ರಾದೇಶಿಕ ಅಸಮತೋಲನ ಅಧ್ಯಯನಕ್ಕೆ ರಾಜ್ಯ ಸರ್ಕಾರ ನೇಮಿಸಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಮಾಡಿದ ಕೆಲಸ ಈ ಕಾರಣಕ್ಕೇ ಇಂದಿಗೂ ಮುಖ್ಯ. 35 ಸೂಚಕಗಳನ್ನು ಸೇರಿಸಿ 175 ತಾಲ್ಲೂಕುಗಳಿಗೆ ಅಂಕ ಕೊಟ್ಟಿತು. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗಿದ್ದ 114ರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. 114ರಲ್ಲಿ 59 ಉತ್ತರ ಕರ್ನಾಟಕದವು, 55 ದಕ್ಷಿಣದವು. ಹಿಂದುಳಿದಿರುವಿಕೆ ಉತ್ತರದ ಸ್ವತ್ತು ಎಂಬ ಮಾತನ್ನು ಈ ಸಂಖ್ಯೆ ತಿದ್ದಿತು. ಆದರೆ 39ರಲ್ಲಿ 26 ಉತ್ತರದಲ್ಲೇ ಇದ್ದವು ಎಂಬುದು ನೋವಿನ ಆಳ ಎಲ್ಲಿದೆ ಎಂದೂ ತೋರಿಸಿತು. ಎಂಟು ವರ್ಷಕ್ಕೆ 31,000 ಕೋಟಿ ರೂ. ಯೋಜನೆಯನ್ನು ಸಮಿತಿ ಸೂಚಿಸಿತ್ತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ತಿದ್ದುಪಡಿ ಜಾರಿಗೆ ಬಂದದ್ದು ಹತ್ತು ವರ್ಷಗಳ ಮೇಲೆ, 2013ರಲ್ಲಿ. ನಿಮ್ಮ ತಾಲ್ಲೂಕು ಆ ಪಟ್ಟಿಯಲ್ಲಿ ಎಲ್ಲಿತ್ತು ಎಂದು ಹುಡುಕಿ, ಅದೇ ಸೂಚಕಗಳಲ್ಲಿ ಸಿಕ್ಕಷ್ಟಕ್ಕೆ ಇಂದಿನ ಅಂಕಿ ಹಾಕಿ: ನೀರಾವರಿ ಪ್ರದೇಶ, ಸಾಕ್ಷರತೆ, ಆಸ್ಪತ್ರೆ ಹಾಸಿಗೆ, ಬ್ಯಾಂಕ್ ಶಾಖೆ, ಡಾಂಬರು ರಸ್ತೆ. ಜಿಲ್ಲೆಯ ಸರಾಸರಿಯಲ್ಲಿ ಮುಚ್ಚಿಹೋಗುವ ತುಂಗಭದ್ರಾ ಎಡದಂಡೆಯ ಭತ್ತದ ಗದ್ದೆಗೂ ಮಳೆಯಾಶ್ರಿತ ಹೊಲಕ್ಕೂ ಇರುವ ವ್ಯತ್ಯಾಸ ಆಗ ಹೊರಬರುತ್ತದೆ.

ಬರೆಯುವಾಗ

ಫಲಿತಾಂಶವನ್ನು ಒಂದೇ ಸಾಲಿಗೆ ಇಳಿಸಬೇಡಿ. "ಕಲಬುರಗಿ ಬಡ ಜಿಲ್ಲೆ" ಎನ್ನುವ ಬದಲು ಹೀಗೆ ಬರೆಯಿರಿ: "2021-22ರಲ್ಲಿ ಚಾಲ್ತಿ ಬೆಲೆಯಲ್ಲಿ ಕಲಬುರಗಿಯ ತಲಾ ನಿವ್ವಳ ಉತ್ಪನ್ನ ಬೆಂಗಳೂರು ನಗರದ ಐದನೇ ಒಂದು ಭಾಗ. ಜನಸಂಖ್ಯೆ 2011ರ ಮೇಲಿನ ಅಂದಾಜು. ಗುಳೆ ಹೋದವರ ದುಡಿಮೆ, ಅವರು ಊರಿಗೆ ಕಳಿಸುವ ಹಣ ಇದರಲ್ಲಿ ಸೇರಿಲ್ಲ. ಎರಡು ಕಡೆಯ ಬೆಲೆ ವ್ಯತ್ಯಾಸ ಲೆಕ್ಕಕ್ಕೆ ತೆಗೆದುಕೊಂಡಿಲ್ಲ." ಅದರ ಕೆಳಗೆ ಸಾಕ್ಷರತೆ, ಬಡತನ, ಠೇವಣಿ-ಸಾಲ ಅನುಪಾತ, ತಾಲ್ಲೂಕುಗಳ ಅಂಕಿ. ಇಷ್ಟು ಒಂದು ಪುಟದಲ್ಲಿ ಹಿಡಿಯುತ್ತದೆ. ಸರ್ಕಾರಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಗೆ, ಗ್ರಾಮಸಭೆಗೆ, ಶಾಸಕರಿಗೆ ಕೊಡುವ ಮನವಿಗೆ ಇದನ್ನು ಲಗತ್ತಿಸಿ. ಪ್ರತಿವರ್ಷ ಹೊಸ ಸಮೀಕ್ಷೆ ಬಂದ ವಾರ ಅದೇ ಶೀಟಿನಲ್ಲಿ ಒಂದು ಕಾಲಂ ಸೇರಿಸಿ, ಹಳೆಯ ವರ್ಷದ ಅಂಕಿ ಪರಿಷ್ಕರಣೆಯಲ್ಲಿ ಬದಲಾಗಿದ್ದರೆ ಅದನ್ನೂ ತಿದ್ದಿ ದಿನಾಂಕ ಹಾಕಿ.